ಯುಗಾದಿಯಿಂದ ಎಣಿಸಿದ ವಾರಗಳು

ಆ ಶುಕ್ರವಾರ ನಾನು ಬಸ್ಸಿನಲ್ಲಿದ್ದೆನೋ ಇಲ್ಲವೋ ಎಂಬುದು ನನಗೆ ಖಚಿತವಿಲ್ಲ. ಇದ್ದೆ ಎಂದೇ ನಾಲ್ಕು ವರ್ಷ ನಂಬಿಕೊಂಡಿದ್ದೆ. ಹಳೇಬೀಡಿನಿಂದ ಹಾಸನಕ್ಕೆ ಹೋಗುವ ಬಸ್ಸು. ಕಿಟಕಿಯ ಪಕ್ಕ ಅತ್ತಿಗೆ, ಅವರ ತೊಡೆಯ ಮೇಲೆ ನೀಲಿ ಬಣ್ಣದ ಪ್ಲಾಸ್ಟಿಕ್ ಫೈಲು. ದಾರಿಯ ಹಗರೆಯಲ್ಲಿ ಯಾರೋ ಹಾಲಿನ ಕ್ಯಾನು ಹತ್ತಿಸಲು ಬಂದಾಗ ಕಂಡಕ್ಟರು ಜಗಳ ತೆಗೆದದ್ದು, ಮಾಸ್ಕು ಗಲ್ಲದ ಕೆಳಗಿಳಿಸಿಕೊಂಡೇ ಬೈದದ್ದು, ಅತ್ತಿಗೆ ನಕ್ಕದ್ದು. ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಕಣ್ಣಿಗೆ ಕಟ್ಟಿದಂತಿರುವುದೇ ಈಗ ಅನುಮಾನ ಹುಟ್ಟಿಸುತ್ತಿದೆ. ನನ್ನ ಬದುಕಿನ ಇನ್ನಾವ ಶುಕ್ರವಾರವೂ ಹೀಗೆ ಉಳಿದಿಲ್ಲ.

ನೆನಪು ಕೆದಕಿದ್ದು ಒಂದು ವಾಸನೆ. ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಹೋದ ತಿಂಗಳು ಯಾರೋ ಬಿಳಿ ಬೋರ್ಡಿನ ಮೇಲೆ ಅಳಿಸಲಾಗದ ಮಾರ್ಕರಿನಲ್ಲಿ ಬರೆದುಬಿಟ್ಟಿದ್ದರು. ಸ್ಟಾಫ್ ರೂಮಿನ ಬೀರುವಿನಲ್ಲಿ ಕೊರೋನಾ ಕಾಲದ ಸ್ಯಾನಿಟೈಸರ್ ಬಾಟಲಿ ಇನ್ನೂ ಉಳಿದಿತ್ತು. ಬಟ್ಟೆಗೆ ಸುರಿದು ಒರೆಸಿದರೆ ಮಸಿ ಕರಗಿ ಇಳಿಯಿತು. ಮೂಗಿಗೆ ಹೊಡೆದ ಆ ಘಾಟು ನನ್ನನ್ನು ಅಲ್ಲಿಂದ ಎತ್ತಿ ಇಪ್ಪತ್ತೊಂದನೇ ಇಸವಿಯ ಮಳೆಗಾಲಕ್ಕೆ ಒಗೆಯಿತು.

ಆ ವರ್ಷ ಮೇ ತಿಂಗಳಲ್ಲಿ ನನ್ನ ಅಣ್ಣ ರಘು ತೀರಿಕೊಂಡ. ಹಳೇಬೀಡಿನ ದೇವಸ್ಥಾನದಲ್ಲಿ ಅವನು ಗೈಡು. ಶಿಲ್ಪದ ಬಳೆಯ ಹಿಂದೆ ಟಾರ್ಚು ಹಿಡಿದು ಬೆಳಕು ಹಾಯಿಸಿ ತೋರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹುಲಿಕೆರೆಯ ಕೊಳಕ್ಕೂ ಪ್ರವಾಸಿಗಳನ್ನು ಪುಸಲಾಯಿಸಿ ಕರೆದೊಯ್ಯುತ್ತಿದ್ದ. ದೇವಸ್ಥಾನಕ್ಕೆ ಬೀಗ ಬಿದ್ದ ಮೇಲೆ ಮನೆಯಲ್ಲೇ ಇದ್ದ. ಮನೆಯಲ್ಲಿದ್ದವನಿಗೇ ಜ್ವರ ಬಂತು, ಒಂಬತ್ತನೆಯ ದಿನ ಹಾಸನದ ಆಸ್ಪತ್ರೆಯಿಂದ ಫೋನು ಬಂತು. ನಾವು ಮುಖ ನೋಡಲಿಲ್ಲ. ಮನೆಯಲ್ಲಿ ಉಳಿದವರು ಅಮ್ಮ, ಅತ್ತಿಗೆ ವಾಣಿ, ಆರು ವರ್ಷದ ಅನು ಮತ್ತು ನಾನು.

ಜುಲೈನಲ್ಲಿ ಬಸ್ಸುಗಳು ಮತ್ತೆ ಓಡತೊಡಗಿದಾಗ ಮರಣಪತ್ರದ ಕೆಲಸಕ್ಕೆಂದು ಅತ್ತಿಗೆ ಮತ್ತು ನಾನು ಹಾಸನಕ್ಕೆ ಹೋದೆವು. ಈ ಪ್ರಯಾಣದ ಬಗ್ಗೆ ಅನುಮಾನವಿಲ್ಲ. ಮರಣಪತ್ರ ನನ್ನ ಬಳಿಯೇ ಇದೆ. ಹಿಂತಿರುಗುವಾಗ ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

“ಶ್ರೀಧರ, ಕಾಲೇಜಲ್ಲಿ ನೀನು ಯಾವ್ದೋ ಹೊಸ ಕಾನೂನು ಪಾಠ ಮಾಡ್ತಿದೀಯಂತಲ್ಲ. ಗರ್ಭಪಾತದ್ದು.”

“ಪಾಠ ಅಲ್ಲ ಅತ್ತಿಗೆ, ಚರ್ಚಾಸ್ಪರ್ಧೆ. ಮಕ್ಕಳಿಗೆ ಆನ್‌ಲೈನಲ್ಲಿ ತಯಾರಿ ಮಾಡಿಸ್ತಿದೀನಿ. ಯಾಕೆ?”

“ಮುಟ್ಟು ನಿಂತು ಎರಡು ತಿಂಗಳಾಯ್ತು.”

ಅದಕ್ಕೆ ನಾನು ಏನೆಂದೆನೋ ತಿಳಿಯದು. ನೆನಪಿರುವುದು ಅವರ ಮುಂದಿನ ಮಾತು.

“ನಂಗೆ ಬೇಡ. ಕಾರಣ ಕೇಳ್ತಾರಾ?”

“ಕೇಳ್ತಾರೆ. ಕಾನೂನು ಹಾಗೇ ಇರೋದು. ಬೇಡ ಅಂದ್ರೆ ಸಾಕಾಗಲ್ಲ, ಡಾಕ್ಟರಿಗೆ ಕಾರಣ ಸರಿ ಅನ್ನಿಸ್ಬೇಕು.”

“ನನ್ನ ಹತ್ರ ನಾಲ್ಕು ಕಾರಣ ಇವೆ. ಡಾಕ್ಟರಿಗೆ ಹೇಳ್ತೀನಿ. ನಿಂಗೆ ಒಂದೂ ಹೇಳಲ್ಲ. ಎಷ್ಟು ದಿನ ಇದೆ ಅಷ್ಟು ಹೇಳು ಸಾಕು.”

ಒಂದು ಕಾರಣ ನನಗೆ ತಾನಾಗಿಯೇ ಗೊತ್ತಿತ್ತು. ಬೇಲೂರಿನ ಒಂದು ಶಾಲೆಯವರು ಸೆಪ್ಟೆಂಬರಿನಿಂದ ಹಿಂದಿ ಟೀಚರಾಗಿ ಬನ್ನಿ ಎಂದು ಅವರಿಗೆ ಹೇಳಿಕಳಿಸಿದ್ದರು. ಉಳಿದ ಮೂರನ್ನು ಇವತ್ತಿಗೂ ಕೇಳಿಲ್ಲ.

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಎರಡು ತಿಂಗಳೆಂದರೆ ಎಂಟೊಂಬತ್ತು ವಾರ. ಆ ಮಾರ್ಚಿನಲ್ಲಷ್ಟೇ ಸಂಸತ್ತು ತಿದ್ದುಪಡಿ ಒಪ್ಪಿತ್ತು, ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತ್ತು. ಮಿತಿ ಇಪ್ಪತ್ತು ವಾರದಿಂದ ಇಪ್ಪತ್ನಾಲ್ಕಕ್ಕೆ ಏರಿತ್ತು. ಪತ್ರಿಕೆಯ ತುಣುಕು ನನ್ನ ಬ್ಯಾಗಿನಲ್ಲೇ ಇತ್ತು.

“ಇಪ್ಪತ್ನಾಲ್ಕು ವಾರ ಇದೆ ಅತ್ತಿಗೆ. ಅಂದ್ರೆ ಇನ್ನೂ ಮೂರೂವರೆ ತಿಂಗಳು. ಗಾಬರಿ ಬೇಡ. ನಾನೇ ಕರ್ಕೊಂಡು ಹೋಗ್ತೀನಿ.”

ಅವರು ಉಸಿರು ಬಿಟ್ಟದ್ದು ಕೇಳಿಸಿತು. ಆ ಉಸಿರನ್ನು ನಾನು ಸೃಷ್ಟಿಸಿಕೊಂಡಿಲ್ಲ ಎಂದುಕೊಂಡಿದ್ದೇನೆ.

ಅದೇ ವಾರ ಅಮ್ಮ ನನ್ನನ್ನು ಹಿತ್ತಿಲಿಗೆ ಕರೆದಳು. ಸೊಪ್ಪು ಸೋಸುತ್ತ ಕೂತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಾಗಿತ್ತು.

“ಅವಳು ನಿನ್ನ ಹತ್ರ ಏನಾದ್ರೂ ಅಂದಳಾ?”

“ಏನಮ್ಮ?”

“ನಾಟಕ ಮಾಡ್ಬೇಡ ಕಣೋ. ಬೆಳಗಾದ್ರೆ ಬಚ್ಚಲಲ್ಲಿ ಓಕರಿಸೋದು ನನ್ನ ಕಿವಿಗೆ ಕೇಳಲ್ವಾ? ತೆಗೆಸ್ಬೇಕು ಅಂತಾಳಾ?”

ಅವಳು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು.

“ರಘುವಿನದು ಅಂತ ಉಳಿದಿರೋದು ಇದೊಂದೇ.”

“ಅನು ಇದಾಳಲ್ಲಮ್ಮ.”

“ಇದಾಳೆ. ಅವಳು ಪೂರ್ತಿ ಅವಳಮ್ಮನ ಅಚ್ಚು.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಬೇಡ ಅನ್ನು ಅಂತ ನಾನು ಹೇಳಲ್ಲ. ಸ್ವಲ್ಪ ದಿನ ತಳ್ಳು ಅಷ್ಟೇ. ಮಗು ಒದೆಯೋಕೆ ಶುರು ಮಾಡಿದ್ರೆ ಅವಳಿಗೇ ಮನಸ್ಸು ತಿರುಗುತ್ತೆ. ನಾನು ಮಾಲೇಕಲ್ಲು ದೇವ್ರಿಗೆ ಹರಕೆ ಹೊತ್ತಿದೀನಿ.”

ಅಮ್ಮನಿಗೆ ನಾನು ಸರಿ ಎಂದೆನೇ? ಹೂಂಗುಟ್ಟಿದೆನೇ? ಎಷ್ಟು ಬಗೆದರೂ ಸಿಕ್ಕುವುದಿಲ್ಲ. ಬಲ್ಲದ್ದು ಇಷ್ಟು: ಆಮೇಲಿನ ಐದು ವಾರ ನಾನು ಮಾಡಿದ್ದು ಅಮ್ಮ ಹೇಳಿದ್ದನ್ನೇ. ಅತ್ತಿಗೆ ಕೇಳಿದಾಗಲೆಲ್ಲ ಒಂದು ನೆಪ ಸಿಗುತ್ತಿತ್ತು. ಹಾಸನದಲ್ಲಿ ಇನ್ನೂ ಕೊರೋನಾ ಇದೆ. ಕಾಲೇಜು ಈಗಷ್ಟೇ ತೆರೆದಿದೆ. ಕೊನೆಗೆ ಒಂದು ದಿನ, ‘ಮೂರನೇ ಮಾಸಿಕ ಒಂದು ಮುಗೀಲಿ ಅತ್ತಿಗೆ’ ಎಂದೆ. ಶ್ರಾದ್ಧ ಮಾಸಿಕಗಳನ್ನು ಹತ್ತು ವರ್ಷದಿಂದ ಹಾಸ್ಯ ಮಾಡುತ್ತ ಬಂದವನು ನಾನು. ಅಣ್ಣನಿಗೆ ಗಂಡುಮಕ್ಕಳಿಲ್ಲವೆಂದು ಕರ್ಮಕ್ಕೆ ಕೂತಾಗಲೂ ಪುರೋಹಿತರಿಗೆ ಕೊಂಕು ಪ್ರಶ್ನೆ ಹಾಕಿದವನು. ಅತ್ತಿಗೆ ನನ್ನ ಮುಖವನ್ನೇ ನೋಡಿದರು.

“ನೀನು ಯಾವಾಗಿಂದ ಮಾಸಿಕ ನಂಬೋಕೆ ಶುರು ಮಾಡಿದೆ?”

“ಅಮ್ಮನಿಗೋಸ್ಕರ.”

“ಎಲ್ಲಾರೂ ಯಾರಿಗೋಸ್ಕರಾನೋ ಮಾಡ್ತೀರಿ ಕಣೋ ಈ ಮನೇಲಿ,” ಎಂದು ಅವರು ಅನುವಿನ ಜಡೆ ಹೆಣೆಯಲು ಹೋದರು.

ಇತ್ತ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಯಾರಿ ಜೋರಾಗಿತ್ತು. ದಿನವೂ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಕೂತು ನಾನು ವಾದಗಳನ್ನು ಬರೆದುಕೊಳ್ಳುತ್ತಿದ್ದೆ. ಪ್ರಾಂಶುಪಾಲರು ವಿಷಯ ಕೇಳಿಯೇ ಕುರ್ಚಿಯಲ್ಲಿ ಹಿಂದಕ್ಕೆ ಸರಿದಿದ್ದರು. “ಪ್ಲಾಸ್ಟಿಕ್ ನಿಷೇಧ ಇಡ್ರೀ. ಎಲ್ಲರೂ ಪ್ಲಾಸ್ಟಿಕ್ಕಿಗೆ ವಿರೋಧಾನೇ, ತೊಂದರೆ ಇಲ್ಲ.” ನಾನು ಹಟ ಹಿಡಿದೆ. ಹಟ ಹಿಡಿದದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆ ಇತ್ತು.

ತಯಾರಿಯ ಒಂದು ದಿನ ಅಂತಿಮ ವರ್ಷದ ಒಬ್ಬ ಹುಡುಗ ಎದ್ದು ಕೇಳಿದ: “ಸಾರ್, ವಾರ ಜಾಸ್ತಿ ಮಾಡಿದ್ರೆ ಹೆಣ್ಣು ಅಂತ ಕದ್ದುಮುಚ್ಚಿ ತಿಳ್ಕೊಂಡು ತೆಗೆಸೋರು ಜಾಸ್ತಿ ಆಗಲ್ವಾ? ನಮ್ಮ ಊರಲ್ಲೇ ನಡೆದೈತೆ.” ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರಿಸಿದ್ದು ಕಾವ್ಯ ಎಂಬ ಹುಡುಗಿ. ಅವಳ ಮನೆಯವರು ತೆಂಗಿನ ತೋಟದವರು, ಕೊಬ್ಬರಿ ಮಾರುವವರು. ಮಾತು ಕೊಬ್ಬರಿ ಒಡೆದ ಹಾಗೆ.

“ಅದು ಬೇರೆ ಕಾನೂನು ಕಣೋ, ಅದಕ್ಕೆ ಬೇರೆ ಶಿಕ್ಷೆ ಐತೆ. ಸಾರ್, ನನ್ನ ತಕರಾರೇ ಬೇರೆ. ಇಪ್ಪತ್ತೋ ಇಪ್ಪತ್ನಾಲ್ಕೋ, ಕೇಳೋರು ಡಾಕ್ಟ್ರು, ಒಪ್ಪೋರು ಡಾಕ್ಟ್ರು. ವಾರ ಎಣಿಸ್ತಾ ಕೂತಿರೋ ಆ ಹೆಂಗಸು ಈ ಕಾನೂನಲ್ಲಿ ಎಲ್ಲಿದಾಳೆ ಸಾರ್?”

“ಸಮ್ಮತಿ ಅನ್ನೋ ಪದದಲ್ಲಿ ಇದಾಳೆ,” ಎಂದೆ ನಾನು. ಹದಿನೆಂಟು ತುಂಬಿದ ಹೆಣ್ಣಿಗೆ ಗಂಡನ, ಅತ್ತೆಮಾವಂದಿರ, ಯಾರ ಸಹಿಯೂ ಬೇಕಿಲ್ಲ. ಅವಳ ಸಮ್ಮತಿಯೊಂದೇ ಸಾಕು. ಹಳೆಯ ಕಾನೂನಿನಲ್ಲೂ ಇದು ಹೀಗೇ ಇತ್ತು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮಕ್ಕಳು ಬರೆದುಕೊಂಡರು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ಅವರಿಗೆ ಈ ವಿಷಯ ಹೇಳಬೇಕೆಂದು ಹೊಳೆಯಲೇ ಇಲ್ಲ. ಹೊಳೆದೂ ಹೇಳಲಿಲ್ಲವೇ? ಇಲ್ಲಿ ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಗಂಡನ ಕಡೆಯ ಗಂಡಸಿನ ಸಹಿ ಬೇಕೇಬೇಕು, ಶ್ರೀಧರ ಬರದಿದ್ದರೆ ಆಸ್ಪತ್ರೆಯವರು ಮಾತೇ ಆಡಿಸುವುದಿಲ್ಲ ಎಂದು ಅತ್ತಿಗೆ ತಿಳಿದುಕೊಂಡಿದ್ದರು. ನನಗಾಗಿ ಅವರು ಕಾದದ್ದು ಅದಕ್ಕೇ. ಇದು ನನಗೆ ತಿಳಿದದ್ದು ಆಮೇಲೆ.

ಮಾಸಿಕ ಮುಗಿದ ಮುಂದಿನ ಮಂಗಳವಾರ ಆಶಾ ಕಾರ್ಯಕರ್ತೆ ಜಯಮ್ಮ ಮನೆಗೆ ಬಂದರು. ಲಸಿಕೆಯ ಎರಡನೇ ಡೋಸು ಯಾರ‍್ಯಾರಿಗೆ ಬಾಕಿಯಿದೆ ಎಂದು ಮನೆಮನೆ ಬರೆದುಕೊಳ್ಳುತ್ತಿದ್ದರು. ಜಗಲಿಯ ಮೇಲೆ ಕೂತು ನೀರು ಕುಡಿದು, ಪುಸ್ತಕ ಬಿಚ್ಚಿ, ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆಯನ್ನೇ ಇಲ್ಲೂ ತಲೆಯೆತ್ತದೆ ಕೇಳಿದರು.

“ಈ ಮನೇಲಿ ಬಸ್ರಿ, ಬಾಣ್ತಿ ಯಾರಾರ ಅವ್ರಾ?”

ಸಾವಾದ ಮನೆ. ಇಲ್ಲ ಎಂದು ತಾವೇ ಬರೆದುಕೊಳ್ಳುವುದರಲ್ಲಿದ್ದರು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಹೇಳಿದರು:

“ನಾನಿದೀನಿ.”

ಆ ಮನೆಯಲ್ಲಿ ಆ ಮಾತು ಗಟ್ಟಿಯಾಗಿ ಬಂದದ್ದು ಅದೇ ಮೊದಲು. ಜಯಮ್ಮನ ಪೆನ್ನು ನಿಂತಿತು.

“ಅಯ್ಯೋ ನನ್ನವ್ವ. ತಾಯಿ ಕಾರ್ಡೇ ಮಾಡ್ಸಿಲ್ವಲ್ಲ!”

“ಕಾರ್ಡು ಬೇಡ ಜಯಮ್ಮ. ನಂಗಿದು ಬೇಡ. ಇವನು ಕರ್ಕೊಂಡು ಹೋಗ್ತೀನಿ ಅಂದಿದಾನೆ.”

ನಾನು ಮುಂದೆ ಬಂದು ನನ್ನ ಲೆಕ್ಕ ಒಪ್ಪಿಸಿದೆ. “ಇನ್ನೂ ಟೈಮಿದೆ ಜಯಮ್ಮ. ಈಗ ಹದಿನೈದು ವಾರ. ಕಾನೂನು ಬದಲಾಗಿದೆ, ಇಪ್ಪತ್ನಾಲ್ಕರ ತನಕ...”

“ಯಾರಂದೋರು?”

“ಸಂಸತ್ತಲ್ಲಿ ಪಾಸಾಗಿದೆ. ರಾಷ್ಟ್ರಪತಿ ಅಂಕಿತ ಹಾಕಿದಾರೆ.”

“ಆಗಿರ್ಬೌದು ಮೇಷ್ಟ್ರೇ. ಡೆಲ್ಲೀಲಿ ಪಾಸಾಗಿರ್ಬೌದು. ಜಾರಿ ಆಯ್ತು ಅಂತ ನಮ್ಗೆ ಆರ್ಡ್ರು ಬಂದಿಲ್ವಲ್ಲ. ಹೋದ್ವಾರ ಮೀಟಿಂಗಲ್ಲೂ ಡಾಕ್ಟ್ರು ಅದ್ನೇ ಅಂದ್ರು, ಈಗ್ಲೂ ಇಪ್ಪತ್ತೇ ಅಂತ. ಹನ್ನೆರಡು ದಾಟಿದ್ರೆ ಇಬ್ರು ಡಾಕ್ಟ್ರು ಬರ್ದು ಕೊಡ್ಬೇಕು.” ಆಮೇಲೆ ಅತ್ತಿಗೆಯ ಕಡೆ ತಿರುಗಿ ಅವರ ಸೆರಗಿನ ಮರೆಯನ್ನು ಒಮ್ಮೆ ನೋಡಿದರು. “ಹದ್ನೈದು ಅಲ್ಲ ಇದು. ಯಾವಾಗಿಂದ ಎಣ್ಸಿದ್ರಿ?”

“ಮೇ ತಿಂಗಳಲ್ಲಿ ನಿಂತಿದ್ದು. ಅವತ್ತಿನಿಂದ,” ಎಂದೆ.

“ಓದ್ದೋರು ಅಂತೀರ! ನಿಂತ ದಿನದಿಂದ ಎಣ್ಸಾಕಿಲ್ಲ ಸಾಮಿ. ಕೊನೇ ಸಲ ಮುಟ್ಟಾದ ದಿನದಿಂದ ಎಣ್ಸೋದು. ಒಂದು ತಿಂಗ್ಳು ನುಂಗ್ಬಿಟ್ರಲ್ಲ!” ಮತ್ತೆ ಅತ್ತಿಗೆಗೆ, “ಕೊನೇ ಸಲ ಯಾವತ್ತಾಗಿದ್ರವ್ವ?”

ಅತ್ತಿಗೆ ಹಣೆ ಉಜ್ಜಿಕೊಂಡರು. ಅಣ್ಣ ಹೋದದ್ದರ ಹಿಂದಿನ ದಿನಗಳೆಲ್ಲ ಅವರಿಗೆ ಕಲಸಿಹೋಗಿದ್ದವು. ಏಪ್ರಿಲ್ ಇರಬೇಕು ಎಂದರು, ಮೊದಲೋ ಕೊನೆಯೋ ಗೊತ್ತಿಲ್ಲ ಎಂದರು. ಜಯಮ್ಮ ಪೆನ್ನು ಹಿಡಿದೇ ಕಾದರು. ಆಗ ಒಳಗಿನಿಂದ ಅಮ್ಮನ ದನಿ ಬಂತು.

“ಯುಗಾದಿಗೆ ಅವಳು ಹೊರಗಿದ್ದಳು. ಮೂರನೇ ದಿನ. ಹೋಳಿಗೆ ಅಷ್ಟನ್ನೂ ನಾನೊಬ್ಬಳೇ ತಟ್ಟಿದ್ದು.”

ನಮ್ಮ ಮನೆಯಲ್ಲಿ ಈಗಲೂ ಆ ಪದ್ಧತಿಯಿದೆ, ಮೂರು ದಿನ ಅಡುಗೆಮನೆಗೆ ಬರುವಂತಿಲ್ಲ. ನಾನು ಅದರ ಮೇಲೆ ಅಮ್ಮನೊಂದಿಗೆ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. ಆ ಪದ್ಧತಿಯಿದ್ದುದರಿಂದಲೇ ಆ ದಿನ ಯಾವುದೆಂದು ಅವಳಿಗೆ ಗೊತ್ತಿತ್ತು. ಹಬ್ಬದ ದಿನ ಒಬ್ಬಳೇ ಒಲೆ ಮುಂದೆ ಬೆಂದದ್ದನ್ನು ಅವಳು ಮರೆಯುವ ಹಾಗಿರಲಿಲ್ಲ. ಜಯಮ್ಮ ಎದ್ದು ಬಂದು ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ತಿರುವಿ, ಯುಗಾದಿಯಿಂದ ಎರಡು ದಿನ ಹಿಂದೆ ಬೆರಳಿಟ್ಟು, ಅಲ್ಲಿಂದ ಭಾನುವಾರ ಭಾನುವಾರವನ್ನೇ ಹಿಡಿದು ಬಾಯಿಬಿಟ್ಟು ಎಣಿಸಿದರು. ಒಂದು, ಎರಡು, ಮೂರು. ಆಗಸ್ಟ್ ಬಂದಾಗ ದನಿ ನಿಧಾನವಾಯಿತು.

“ಹತ್ತೊಂಬತ್ತು ಮುಗ್ದು ಎರಡು ದಿನ. ಬರೋ ಭಾನುವಾರಕ್ಕೆ ಇಪ್ಪತ್ತು ತುಂಬ್ತೈತೆ.”

ಜಯಮ್ಮ ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದರು. ಹಾಸನದ ಆಸ್ಪತ್ರೆಯಲ್ಲಿ ಬುಧವಾರ, ಗುರುವಾರ ಲಸಿಕೆಯ ಗಲಾಟೆ. ಇಬ್ಬರು ಡಾಕ್ಟರೂ ಒಟ್ಟಿಗೆ ಸಿಗುವುದು ಶುಕ್ರವಾರ ಬೆಳಿಗ್ಗೆ. ಆವತ್ತು ತಪ್ಪಿದರೆ ಶನಿವಾರದ ಮಾತು ಹೇಳಲಾಗದು.

“ಸಹಿಗೆ ಇವನು ಬರ್ಬೇಕಲ್ವಾ?” ಅತ್ತಿಗೆ ಕೇಳಿದರು.

“ಯಾವ ಸಹಿ? ನಿಮ್ದೊಂದೇ ಸಾಕು. ಇನ್ಯಾರ್ದೂ ಬ್ಯಾಡ.”

ಅತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಆ ನೋಟದ ಬಗ್ಗೆ ಏನೂ ಬರೆಯಲಾರೆ. “ಶುಕ್ರವಾರ ನಾನು ಬರ್ತೀನಿ,” ಎಂದೆ, ಯಾರೂ ಕೇಳದಿದ್ದರೂ.

ಅಮ್ಮ ಯಾಕೆ ಹೇಳಿದಳು? ಸ್ವಲ್ಪ ದಿನ ತಳ್ಳು ಎಂದವಳು ಅವಳೇ. ಬಾಯಿ ಮುಚ್ಚಿಕೊಂಡು ಇನ್ನೊಂದು ವಾರ ಕೂತಿದ್ದರೆ ಸಾಕಿತ್ತು. ದಿನಾಂಕ ಕೇಳಿದ್ದಕ್ಕೆ ಅಭ್ಯಾಸಬಲದಿಂದ ಉತ್ತರಿಸಿದಳೋ, ಹೋಳಿಗೆಯ ಸಿಟ್ಟು ಹೊರಬಂತೋ, ಅಥವಾ ಬಾಗಿಲಲ್ಲಿ ನಿಂತ ಸೊಸೆಯ ದನಿ ಅವಳಿಗೆ ಬೇರೆಯಾಗಿ ಕೇಳಿಸಿತೋ? ಒಮ್ಮೆ ಕೇಳಿದೆ. “ಕೇಳಿದ್ರು, ಹೇಳ್ದೆ. ಸುಳ್ಳು ಹೇಳ್ಬೇಕಿತ್ತಾ?” ಎಂದು ತಿರುಗಿ ಕೇಳಿದಳು. ಅಷ್ಟೇ.

ಬುಧವಾರ, ಗುರುವಾರ ಮಳೆ ಬಿಡಲಿಲ್ಲ. ಆ ಎರಡು ದಿನ ನಾನು ಫೋನಿನಲ್ಲಿ ಸರ್ಕಾರದ ರಾಜ್ಯಪತ್ರ ಹುಡುಕುತ್ತ ಕೂತೆ. ಕಾಯ್ದೆಯ ಮೊದಲ ಪುಟದಲ್ಲೇ ಇತ್ತು: ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸುವ ದಿನದಿಂದ ಜಾರಿ. ಆ ಅಧಿಸೂಚನೆ ಇನ್ನೂ ಹೊರಟಿರಲಿಲ್ಲ. ಇಪ್ಪತ್ನಾಲ್ಕು ವಾರವೂ ಎಲ್ಲರಿಗಲ್ಲ, ಯಾರಿಗೆಂದು ಹೇಳುವ ನಿಯಮಗಳು ಇನ್ನೂ ಬರಬೇಕಿತ್ತು. ಅಂಕಿತ ಬೇರೆ, ಜಾರಿ ಬೇರೆ ಎಂಬುದು ನಾನು ಮೊದಲ ವರ್ಷದ ಮಕ್ಕಳಿಗೆ ಕಲಿಸುವ ಪಾಠ. ಸರಿಯಾಗಿ ಓದಿರಲಿಲ್ಲವೋ, ಓದಿಯೂ ನನಗೆ ಬೇಕಾದ ಹಾಗೆ ಓದಿಕೊಂಡಿದ್ದೆನೋ? ಅಣ್ಣನ ಮಗು ಹುಟ್ಟಲಿ ಎಂಬ ಆಸೆ ನನಗೂ ಇತ್ತು. ಅದನ್ನು ಯಾರ ಮುಂದೆಯೂ ಆಡಿರಲಿಲ್ಲ, ನನ್ನ ಮುಂದೆಯೂ.

ಶುಕ್ರವಾರದ್ದು ನನ್ನ ನೆನಪಿನಲ್ಲಿ ಹೀಗಿದೆ. ಆ ದಿನವೇ ಇದ್ದ ಚರ್ಚಾಸ್ಪರ್ಧೆಯನ್ನು ಮುಂದೂಡಿದೆ. ರಜೆ ಹಾಕಿದೆ. ಬಸ್ಸಿನಲ್ಲಿ ಅತ್ತಿಗೆಯ ಪಕ್ಕ ಕೂತೆ. ಹಗರೆ, ಹಾಲಿನ ಕ್ಯಾನು, ಕಂಡಕ್ಟರು. ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ಯಾನಿಟೈಸರಿನ ಘಾಟು. ಹೊರಗೆ ಬೆಂಚಿನ ಮೇಲೆ ಕಾದೆ.

ಅತ್ತಿಗೆ ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಭಾನುವಾರ ಮನೆಗೆ ಬಂದರು. ಅಮ್ಮ ಬಿಸಿನೀರು ಕಾಯಿಸಿದ್ದಳು, ಮೆಣಸಿನ ಸಾರು ಮಾಡಿದ್ದಳು. ಪಕ್ಕದ ಮನೆಯವರು ಕೇಳಿದಾಗ “ತಾನಾಗೇ ಇಳಿದುಹೋಯ್ತು” ಎಂದಳು. ಒಂದು ವಾರ ಅತ್ತಿಗೆಯನ್ನು ಮಾತಾಡಿಸಲಿಲ್ಲ, ಊಟಕ್ಕೆ ಮಾತ್ರ ಕರೆಯುತ್ತಿದ್ದಳು. ಅತ್ತಿಗೆ ಸೆಪ್ಟೆಂಬರಿನಲ್ಲಿ ಬೇಲೂರಿನ ಶಾಲೆಗೆ ಸೇರಿದರು. ಮೊದಲು ಬಸ್ಸಿನಲ್ಲಿ ಓಡಾಡಿದರು, ಆಮೇಲೆ ಅಲ್ಲೇ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದು ಅನುವನ್ನು ಕರೆದುಕೊಂಡು ಹೋದರು. ಹಬ್ಬಕ್ಕೆ ಬರುತ್ತಾರೆ. ಅಮ್ಮನಿಗೆ ಕಾಲುನೋವು ಬಂದಾಗ ಹದಿನೈದು ದಿನ ಇದ್ದು ನೋಡಿಕೊಂಡರು. ಅವರಿಬ್ಬರ ನಡುವೆ ಏನಿದೆ, ಏನಿಲ್ಲ ಎಂದು ನನಗೆ ಹೇಳಲು ಬರುವುದಿಲ್ಲ.

ಕಾಯ್ದೆ ಆ ಸೆಪ್ಟೆಂಬರಿನ ಕೊನೆಯ ವಾರದಲ್ಲಿ ಜಾರಿಯಾಯಿತು. ನಿಯಮಗಳು ಅಕ್ಟೋಬರಿನಲ್ಲಿ ಬಂದವು. ಇಪ್ಪತ್ನಾಲ್ಕು ವಾರ ಯಾರಿಗೆ ಎಂಬ ಪಟ್ಟಿಯಲ್ಲಿ ಬಸುರಿಯಾಗಿರುವಾಗಲೇ ವಿಧವೆಯಾದವರೂ ಇದ್ದರು. ಅದನ್ನು ಓದಿದಾಗ ನನಗೊಂದು ನಾಚಿಕೆಗೇಡಿನ ಸಮಾಧಾನವಾಯಿತು: ನಾನು ಹೇಳಿದ್ದು ಸರಿಯೇ ಆಗಿತ್ತಲ್ಲ! ನಾನು ಹೇಳಿದ್ದನ್ನೇ ನೆಚ್ಚಿಕೊಂಡು ಕೂತಿದ್ದರೆ ಅಷ್ಟು ಹೊತ್ತಿಗೆ ಅತ್ತಿಗೆಗೆ ಇಪ್ಪತ್ತಾರು ವಾರ ದಾಟಿರುತ್ತಿತ್ತು. ಮರುವರ್ಷ ಮದುವೆಯಾಗದ ಹೆಣ್ಣುಮಕ್ಕಳನ್ನೂ ಆ ಪಟ್ಟಿಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅದನ್ನೂ ಪಾಠ ಮಾಡಿದೆ. ಇವತ್ತಿಗೂ ಕಾರಣ ಕೇಳುವವರು, ಒಪ್ಪುವವರು ಡಾಕ್ಟರೇ. ಕಾವ್ಯಳ ಪ್ರಶ್ನೆ ಪ್ರತಿವರ್ಷ ಯಾವುದಾದರೂ ಹುಡುಗಿಯ ಬಾಯಲ್ಲಿ ಬರುತ್ತದೆ. ಸಮ್ಮತಿ ಎಂಬ ಪದವನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಬರೆದು ಬೇಗ ಅಳಿಸುತ್ತೇನೆ.

ಸ್ಯಾನಿಟೈಸರಿನ ವಾಸನೆ ಕಾಡಿದ ವಾರದ ಭಾನುವಾರ ಬೇಲೂರಿಗೆ ಹೋದೆ. ಅನು ಈಗ ಹತ್ತು ವರ್ಷದವಳು, ಒಳಗೆ ಟೀವಿ ನೋಡುತ್ತಿದ್ದಳು. ಅತ್ತಿಗೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಮಾತಿಗೆ ಮಾತು ಬಂದು ನಾನು ನಗುತ್ತ ಕೇಳಿದೆ.

“ಅವತ್ತು ಶುಕ್ರವಾರ ನಾವು ಹಾಸನಕ್ಕೆ ಹೋಗುವಾಗ ಹಗರೆಯಲ್ಲಿ ಆ ಕಂಡಕ್ಟರು ಹಾಲಿನವನ ಜೊತೆ ಜಗಳಕ್ಕೆ ಬಿದ್ದದ್ದು ನೆನಪಿದೆಯಾ ಅತ್ತಿಗೆ?”

ಅವರು ಕೆಂಪು ಪೆನ್ನು ಕೆಳಗಿಡಲಿಲ್ಲ.

“ಅದು ಡೆತ್ ಸರ್ಟಿಫಿಕೇಟಿಗೆ ಹೋದಾಗ ಕಣೋ.”

“ಅಲ್ಲ ಅತ್ತಿಗೆ, ಆಸ್ಪತ್ರೆಗೆ ಹೋದಾಗ.”

“ಆಸ್ಪತ್ರೆಗೆ ನೀನೆಲ್ಲಿ ಬಂದೆ? ನಾನು, ಜಯಮ್ಮ ಇಬ್ಬರೇ. ಬಸ್ಸೂ ಅಲ್ಲ, ಅವರ ಊರಿನ ತರಕಾರಿ ವ್ಯಾನು. ಮೂಲಂಗಿ ಮೂಟೆ ಮೇಲೆ ಕೂತು ಹೋಗಿದ್ದು.” ಅವರಿಗೆ ನಗು ಬಂತು. “ಜಯಮ್ಮ ದಾರಿಯುದ್ದಕ್ಕೂ ಒಂದೊಂದೇ ಮೂಲಂಗಿ ಕಡೀತಿದ್ರು.”

“ನಾನು ಬರ್ತೀನಿ ಅಂದಿದ್ದೆನಲ್ಲ.”

“ಅಂದಿದ್ದೆ. ಬೆಳಿಗ್ಗೆ ಹೊರಡುವಾಗ, ‘ನೀವು ಮುಂದೆ ಹೋಗಿ, ನಾನು ಹಿಂದಿನ ಬಸ್ಸಿಗೆ ಬರ್ತೀನಿ’ ಅಂದೆ. ಸಹಿ ನಂದೊಂದೇ ಸಾಕು ಅಂತ ಗೊತ್ತಿತ್ತು. ಆದ್ರೂ ಹನ್ನೆರಡು ಗಂಟೆವರೆಗೆ ಬಾಗಿಲ ಕಡೆ ನೋಡ್ತಾ ಇದ್ದೆ. ಜಯಮ್ಮ ಬೈದ್ರು. ಆಮೇಲೆ ಸಹಿ ಹಾಕಿ ಒಳಗೆ ಹೋದೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವುದೋ ಹುಡುಗನ ಕಾಗುಣಿತ ತಿದ್ದುತ್ತಲೇ ಹೇಳಿದರು. ನಾನು ವಾದಕ್ಕಿಳಿದೆ. ಕಾರಿಡಾರು, ಬೆಂಚು, ಘಾಟು ಎಲ್ಲ ಹೇಳಿದೆ. ಎಲ್ಲ ಆಸ್ಪತ್ರೆಯಲ್ಲೂ ಕಾರಿಡಾರಿರುತ್ತೆ ಎಂದರು. ಕೊನೆಗೆ ಎದ್ದು ಬೀರುವಿನಿಂದ ಅದೇ ನೀಲಿ ಫೈಲು ತಂದು ಬಿಡುಗಡೆಯ ಚೀಟಿಯನ್ನು ನನ್ನ ಮುಂದಿಟ್ಟರು. “ಬೇಕಿದ್ರೆ ನೋಡ್ಕೋ. ನೀನು ನಂಬೋದು ಕಾಗದಾನೇ ತಾನೆ.” ದಾಖಲಾದ ದಿನ ಆಗಸ್ಟಿನ ಕೊನೆಯ ಶುಕ್ರವಾರ. ಹತ್ತೊಂಬತ್ತು ವಾರ, ಐದು ದಿನ. ಜೊತೆಗೆ ಬಂದವರು ಎಂಬಲ್ಲಿ ಜಯಮ್ಮನ ಹೆಸರು. ಚೀಟಿ ಬರೆಯುವವರು ಜೊತೆಗಿದ್ದವರನ್ನೆಲ್ಲ ಬರೆಯುವುದಿಲ್ಲ, ಒಬ್ಬರನ್ನು ಮಾತ್ರ ಬರೆಯುತ್ತಾರೆ ಎಂದು ಹಿಂತಿರುಗುವ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಕಾಲೇಜಿನ ಕಚೇರಿಯಲ್ಲಿ ಹಳೆಯ ಹಾಜರಿ ಪುಸ್ತಕ ಕೇಳಿದೆ.

“ಸರ್ವಿಸ್ ಲೆಕ್ಕಕ್ಕಾ ಸಾರ್?” ಗುಮಾಸ್ತರು ಕೇಳಿದರು.

“ಹೂಂ,” ಎಂದೆ.

ಅವರು ಹಳೆಯ ಕಟ್ಟೊಂದನ್ನು ಬಿಚ್ಚಿ ಕೊಟ್ಟರು. ಆ ಆಗಸ್ಟಿನಲ್ಲಿ ನನ್ನ ಹೆಸರಿನ ಮುಂದೆ ಒಂದು ರಜೆಯೂ ಇಲ್ಲ. ಕೊನೆಯ ಶುಕ್ರವಾರದ ಚೌಕದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಸಹಿ, ಮಧ್ಯಾಹ್ನ ಎರಡು ಗಂಟೆಗೆ ಇನ್ನೊಂದು. ಎರಡೂ ನನ್ನವೇ.